ಮುಂಗಡ ತುಂಬಿದ ಚಾರ್ಟು

ಜೂನ್ 12, ಮಧ್ಯಾಹ್ನ 2.40. ಮಿಯಾಪುರದ ಠಾಣೆಗೆ ದೂರು ಬಂತು. ಹಾಸಿಗೆ ಹಿಡಿದಿರುವ ವೇದವತಿಯವರ ಚಿನ್ನದ ಬಳೆ ಕಾಣೆ. ಮನೆಗೆ ಬಂದು ಆರೈಕೆ ಮಾಡುವ ಜಯಮ್ಮನ ಮೇಲೆ ಅನುಮಾನ. ದೂರು ಕೊಟ್ಟವನು ಅವಳ ಏಜೆನ್ಸಿಯ ಸೂಪರ್‌ವೈಸರ್ ದಿನೇಶ. ಎಫ್‌ಐಆರ್ ದಾಖಲಾಯಿತು.

3.20ಕ್ಕೆ ಇನ್‌ಸ್ಪೆಕ್ಟರ್ ಶಿವಾನಂದ, ಕಾನ್‌ಸ್ಟೆಬಲ್ ಚನ್ನು ದಿನೇಶನ ಜೊತೆ ಫ್ಲ್ಯಾಟಿಗೆ ಹೋದರು. ಒಳಗೆಲ್ಲ ಡೆಟಾಲ್, ಕೊಬ್ಬರಿ ಎಣ್ಣೆಯ ವಾಸನೆ. ಶಿವಾನಂದನಿಗೆ ತಾಯಿಯ ನೆನಪು ಒತ್ತರಿಸಿ ಬಂತು. ಕಾರ್ಖಾನೆಯ ಆಸ್ಪತ್ರೆಯಲ್ಲಿ ಆಯಾ ಆಗಿದ್ದವಳು. ಸಂಜೆ ಬಂದು ತಲೆ ಸವರಿದರೆ ಇದೇ ವಾಸನೆ. ಅಯ್ಯೋ, ಎಂಥ ಕೈ ಅದು! ಆದರೆ ವಾಸನೆ ಸಾಕ್ಷಿಯಲ್ಲವಲ್ಲ.

ಪಂಚರೆದುರು ಜಯಮ್ಮನ ಚೀಲ ಬಿಚ್ಚಿದರು. ಬಳೆ ಸಿಕ್ಕಿತು. ಪಂಚನಾಮೆ ಆಯಿತು. ತೆಲುಗಿನಲ್ಲಿ ಶುರುವಾದ ವಿಚಾರಣೆ, ಜಯಮ್ಮ ತನ್ನ ಕಡೆಯವಳೆಂದು ಶಿವಾನಂದನಿಗೆ ತಿಳಿದ ಮೇಲೆ ಕನ್ನಡಕ್ಕೆ ಬಂತು.

"ತಗೊಂಡಿಯೇನವ್ವಾ?"

"ಇಲ್ರೀ. ನಿನ್ನೆ ಅವ್ವಾರ ಮಗಳಿಗೆ ಖರೇ ಹೇಳಿದ್ದಕ್ಕ ಇದು."

"ಏನ್ ಹೇಳಿದಿ?"

"ನಿದ್ದಿ ಗುಳಿಗಿ ಎರಡು ಕೊಡು ಅಂತಾನ್ರೀ ದಿನೇಶ. ಅವ್ವಾರು ಮಲಗಿದ್ರ ನಾ ಇನ್ನೊಂದು ಮನಿನೂ ನೋಡಬೇಕಂತ. ಒಲ್ಲೆ ಅಂದೆ. ಕಳ್ಳಿ ಅಂತ ಹೆಸರು ಬಿದ್ರ ನನ್ನ ಇನ್ಯಾರು ಮನಿಯೊಳಗ ಬಿಟ್ಕೋತಾರ್ರೀ?"

ದಿನೇಶ ನಕ್ಕ. "ಸಿಕ್ಕಿಬಿದ್ದ ಮ್ಯಾಲೆ ಎಲ್ಲಾರೂ ಹಿಂಗ ಅಂತಾರ್ರೀ ಸಾಹೇಬ್ರ."

ಚನ್ನು ಮಂಚದ ಬಳಿಯಿದ್ದ ದಿನದ ಚಾರ್ಟು ತಂದ. '12.00: ಕೈಯಲ್ಲಿ ಬಳೆ ಇಲ್ಲ.' ಅದರ ಕೆಳಗೆ, 'ಸಂಜೆ 6.00: ಬಿಪಿ 130/80.' ಶಿವಾನಂದ ಗಡಿಯಾರ ನೋಡಿದ. ಇನ್ನೂ ನಾಲ್ಕು ಹೊಡೆದಿಲ್ಲ!

"ಅಕ್ಷರ ಯಾರದು?"

"ನಂದೇ..." ದಿನೇಶ ತಡವರಿಸಿದ.

"ದಿನಾ ಮುಂಜಾನೇನ ಬಂದು ಇಡೀ ದಿನದ್ದು ತುಂಬಿ ಹೋಗ್ತಾನ್ರೀ," ಎಂದಳು ಜಯಮ್ಮ.

ಗಚ್ಚಿಬೌಲಿಯ ಆಫೀಸಿನಲ್ಲಿದ್ದ ಮಗಳು ಲಹರಿಗೆ ಫೋನ್ ಹೋಯಿತು. ಒಂದು ಗಂಟೆಗೆ ವಿಡಿಯೋ ಕಾಲ್ ಮಾಡಿದ್ದಳಂತೆ. ಅವಳು ಕಳಿಸಿದ ಸ್ಕ್ರೀನ್‌ಶಾಟಿನಲ್ಲಿ ತಾಯಿ ಕೈ ಬೀಸುತ್ತಿದ್ದರು. ಕೈಯಲ್ಲಿ ಬಳೆ ಇತ್ತು. ಗೇಟಿನ ಪುಸ್ತಕದಲ್ಲಿ ದಿನೇಶನ ಎರಡನೇ ಭೇಟಿ 1.50. ಜಯಮ್ಮ ಆಗ ಅಡುಗೆಮನೆಯಲ್ಲಿ ಗಂಜಿ ಕಾಯಿಸುತ್ತಿದ್ದಳು; ಮಂಚದ ಬಳಿ ಇದ್ದವನು ದಿನೇಶನೊಬ್ಬನೇ.

4.50ಕ್ಕೆ ದಿನೇಶನ ಬಂಧನ.

"ಯಾಕೋ?" ಎಂದ ಶಿವಾನಂದ.

"ನಾನೂ ಅಟೆಂಡರ್ ಇದ್ದೆ ಸಾಹೇಬ್ರ. ಒಮ್ಮೆ ಹಿಂಗ ಬಾಯಿ ತೆಗೆದೆ. ಮರುದಿನ ಕೆಲಸ ಹೋತು. ಒಬ್ಬರೂ ನನ್ನ ಮಾತು ಕೇಳ್ಲಿಲ್ಲ. ಆವತ್ತ ಬಾಯಿ ಮುಚ್ಚೋದು ಕಲ್ತೆ, ಆಮ್ಯಾಲೆ ಮುಚ್ಚಸೋದು ಕಲ್ತೆ."

ಜಯಮ್ಮ ಅವನ ಕಡೆ ನೋಡಲೂ ಇಲ್ಲ. ನಾಲ್ಕಕ್ಕೆ ವೇದವತಿಯವರ ಮಗ್ಗುಲು ಬದಲಿಸಬೇಕಿತ್ತು. "ಹೊಳ್ಳ್ರೀ ಅವ್ವಾರ, ಹೊಳ್ಳ್ರೀ," ಎನ್ನುತ್ತ ಹೊರಳಿಸಿದಳು. ಶಿವಾನಂದನ ಅಮ್ಮನೂ ಹೀಗೇ ಅನ್ನುತ್ತಿದ್ದಳಲ್ಲ!

ಚಾರ್ಟು ಜಪ್ತಿಯಾಗಿತ್ತು. ಚನ್ನು ತನ್ನ ನೋಟ್‌ಬುಕ್ಕಿನ ಹಾಳೆಯೊಂದನ್ನು ಹರಿದುಕೊಟ್ಟ. ಜಯಮ್ಮ ಗಡಿಯಾರ ನೋಡಿ ಬರೆದಳು: '5.05. ಹೊರಳಿಸಿದೆ. ಒಂದು ತಾಸು ತಡ.'