ಬೇರೆ ಸದ್ದಿಲ್ಲ

"ಅಂಗಿ ತೆಗೀರಿ."

ಡೆಲ್ಫಾ ನೇಪಿಯರ್ ಆ ಮನುಷ್ಯನ ಜೊತೆ ಆಡಿದ ಮೊಟ್ಟಮೊದಲ ಮಾತು ಇದು! ಬನ್ನಿ ಅನ್ನಲಿಲ್ಲ, ಕೂತ್ಕೊಳ್ಳಿ ಅನ್ನಲಿಲ್ಲ, ಹೆಸರು ಕೂಡ ಕೇಳಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಹಾಲಿಸ್ ಡೀಟನ್ ತಲೆ ಮೇಲಿದ್ದ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಸದ್ಯಕ್ಕೆ ಟೋಪಿ ಸಾಕಾಗಲ್ವಾ ಮೇಡಂ?"

ಕಿಟಕಿ ಹತ್ತಿರ ಕೌದಿ ಹೊಲಿಯುತ್ತಿದ್ದ ಓವಾ ಚಿಕ್ಕಮ್ಮ ಬಿದ್ದು ಬಿದ್ದು ನಕ್ಕಳು. "ಒಳಗೆ ಬಾಪ್ಪಾ. ಅವಳಿಗೆ ಗಾಬರಿ. ಬೆಳಗ್ಗೆಯಿಂದ ನಮ್ಮ ಬೆಕ್ಕಿನ ಮಂಡಿಗೂ ಸುತ್ತಿಗೆ ಬಡಿದು ನೋಡಿದಾಳೆ!"

ಡೆಲ್ಫಾಳ ಕೆನ್ನೆ ಕೆಂಪಾಯಿತು. 'ಅಯ್ಯೋ ದೇವರೇ... ಇದೇನು ಅಂದುಬಿಟ್ಟೆ ನಾನು!'

ತಪ್ಪು ಅವಳದ್ದಲ್ಲ, ಅವಳ ಓದಿನದು. ಒಂಬತ್ತು ವರ್ಷ ತುರ್ತು ವಾರ್ಡಿನಲ್ಲಿ ದುಡಿದ ನರ್ಸ್ ಅವಳು. ಮೂವತ್ತನಾಲ್ಕನೇ ವಯಸ್ಸಿನಲ್ಲಿ ಮತ್ತೆ ಪುಸ್ತಕ ಹಿಡಿದಿದ್ದಳು. ಕುಟುಂಬ ನರ್ಸ್ ಪ್ರಾಕ್ಟೀಷನರ್ ಆಗಬೇಕು, ತಾನೇ ರೋಗಿಗಳನ್ನು ನೋಡಿ ಔಷಧಿ ಬರೆದುಕೊಡಬೇಕು, ಎರಡು ವರ್ಷದಿಂದ ಬೀಗ ಬಿದ್ದಿರುವ ತಮ್ಮೂರು ಕೋಲ್ಡ್ ಬ್ರಾಂಚಿನ ಕ್ಲಿನಿಕ್ಕಿನ ಬಾಗಿಲು ತೆರೆಯಬೇಕು. ಕೆಂಟಕಿಯ ಈ ಕಣಿವೆಯಲ್ಲಿ ಮಗುವಿಗೆ ಕಿವಿನೋವು ಬಂದರೂ ಐವತ್ತು ಮೈಲಿ ಹೋಗಬೇಕಲ್ಲ!

ಪಾಠವೆಲ್ಲ ಕಂಪ್ಯೂಟರಿನಲ್ಲೇ. ರೋಗಗಳ ಪಾಠ ಮುಗಿದಿತ್ತು, ಔಷಧಿಗಳದ್ದೂ ಮುಗಿದಿತ್ತು. ಈಗ ಉಳಿದದ್ದು ಮೈ ಪರೀಕ್ಷಿಸುವ ಪಾಠ. ಆರೋಗ್ಯವಂತನಾದ ಒಬ್ಬ ಮನುಷ್ಯನನ್ನು ತಲೆಯಿಂದ ಕಾಲಿನವರೆಗೆ ಪರೀಕ್ಷಿಸಿ ವಿಡಿಯೊ ಕಳಿಸಬೇಕು. ನಲವತ್ತೈದು ನಿಮಿಷ, ಮಧ್ಯೆ ಎಲ್ಲೂ ನಿಲ್ಲಿಸುವಂತಿಲ್ಲ. ಕಂಡದ್ದನ್ನು, ಕೇಳಿದ್ದನ್ನು ಗಟ್ಟಿಯಾಗಿ ಹೇಳುತ್ತಾ ಹೋಗಬೇಕು. ಮನೆಯವರು ಆಗುವುದಿಲ್ಲ.

ಅದಕ್ಕೇ ಲೈಬ್ರರಿಯಲ್ಲಿ ಚೀಟಿ ಅಂಟಿಸಿದ್ದಳು. "ಆರೋಗ್ಯವಂತರು ಬೇಕು. ಒಂದು ಗಂಟೆ. ಬಂದವರಿಗೆ ಓವಾ ನೇಪಿಯರ್ ಮಾಡಿದ ಸೇಬಿನ ಕರಿಗಡುಬು."

ಸ್ಕೂಲ್ ಬಸ್ ಓಡಿಸುವ ಹಾಲಿಸ್ ಆ ಚೀಟಿಯನ್ನೇ ಕಿತ್ತುಕೊಂಡು ಬಂದಿದ್ದ. "ಬೇರೆ ಯಾರೂ ಬರಬಾರದು ಅಂತ," ಎಂದ.

ಕ್ಯಾಮೆರಾ ಓಡತೊಡಗಿತು.

"ಕಣ್ಣುಗಳು ಸಮ. ಕಿವಿ ಸ್ವಚ್ಛ. ಗಂಟಲು ಕೆಂಪಾಗಿಲ್ಲ..." ಎಂಟು ವಾರ ಚಿಕ್ಕಮ್ಮನ ಮೇಲೆ ಅಭ್ಯಾಸ ಮಾಡಿದ್ದ ಮಾತುಗಳು ಮಗ್ಗಿಯ ಹಾಗೆ ತಾವಾಗಿ ಬರುತ್ತಿದ್ದವು.

ಸ್ಟೆತಸ್ಕೋಪನ್ನು ಅವನ ಎದೆಯ ಬಲಗಡೆ, ಎರಡನೇ ಪಕ್ಕೆಲುಬಿನ ಕೆಳಗೆ ಇಟ್ಟಳು. ಅವನು ತಲೆ ತಗ್ಗಿಸಿ ಅವಳನ್ನೇ ನೋಡಿದ. ಬೂದು ಕಣ್ಣು. ಆ ಕಣ್ಣಲ್ಲಿ ತುಂಟತನ ಇತ್ತು, ಆದರೆ ಅದರ ಹಿಂದೆ ಏನೋ ಮೆತ್ತಗಿನದೂ ಇತ್ತು.

"ಬಡಿತ ಕ್ರಮವಾಗಿದೆ. ಬೇರೆ ಸದ್ದಿಲ್ಲ," ಎಂದಿತು ಡೆಲ್ಫಾಳ ನಾಲಿಗೆ.

ಅಂದ ಮೇಲೆ ಕಿವಿ ಕೇಳಿಸಿಕೊಂಡಿತು.

ಲಬ್... ಷ್‌ಶ್... ಡಬ್!

ಎರಡು ಬಡಿತದ ನಡುವೆ ಒಂದು ಸುಯ್ಲು. ಇತ್ತೇ? ಇಲ್ಲವೇ? ಅವಳ ಕಿವಿಯಲ್ಲಿ ಅವಳದೇ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಗಡಿಯಾರ ಓಡುತ್ತಿತ್ತು, ಕೈ ಆಗಲೇ ಹೊಟ್ಟೆಯ ಕಡೆ ಹೋಗಿತ್ತು.

'ಅದು ಅವನ ಎದೆಯದೋ... ನನ್ನದೋ?'

ಕೊನೆಯಲ್ಲಿ ನಿಯಮದ ಪ್ರಕಾರ ಕೇಳಿದಳು. "ನಿಮ್ಮದೇನಾದ್ರೂ ಪ್ರಶ್ನೆ ಇದೆಯಾ?"

"ಕರಿಗಡುಬು ಎಲ್ಲಿ?"

ವಾರದ ನಂತರ ಪ್ರೊಫೆಸರ್ ಪ್ರೂವಿಟ್ ಅಂಕ ಕಳಿಸಿದರು. ನೂರಕ್ಕೆ ತೊಂಬತ್ತಾರು! 'ಹೃದಯ ಪರೀಕ್ಷೆ ಬಹಳ ಅಚ್ಚುಕಟ್ಟು' ಎಂದು ಬರೆದಿದ್ದರು. ಅದನ್ನು ಓದಿ ಡೆಲ್ಫಾಗೆ ಖುಷಿಯೂ ಆಗಲಿಲ್ಲ, ಅಳುವೂ ಬರಲಿಲ್ಲ. ಸುಮ್ಮನೆ ಕಂಪ್ಯೂಟರ್ ಮುಚ್ಚಿಟ್ಟಳು.

ಹಾಲಿಸ್ ಮತ್ತೆ ಬಂದ. ಅಭ್ಯಾಸಕ್ಕೆ ಮೈ ಬೇಕಲ್ಲ ಎಂದು ನೆಪ ಹೇಳಿ, ಭಾನುವಾರ ಚರ್ಚ್ ಮುಗಿದ ಕೂಡಲೇ ಬಂದ. ಅದರ ಮುಂದಿನ ಭಾನುವಾರವೂ ಬಂದ. ಚಿಕ್ಕಮ್ಮ ಯಾರೂ ಹೇಳದೆಯೇ ಮೂರು ತಟ್ಟೆ ಇಡತೊಡಗಿದಳು.

ಬೀನ್ಸ್ ಸಾರಿನಲ್ಲಿ ಕಾರ್ನ್‌ಬ್ರೆಡ್ ಮುರಿದು ಹಾಕಿಕೊಳ್ಳುತ್ತಾ ಅವನು ಬಸ್ಸಿನ ಕತೆ ಹೇಳುತ್ತಿದ್ದ. ಹನ್ನೊಂದು ವರ್ಷ, ಇಪ್ಪತ್ತಮೂರು ಮಕ್ಕಳು. ಯಾವ ಮಗು ಯಾವ ತಿರುವಿನಲ್ಲಿ ವಾಂತಿ ಮಾಡುತ್ತದೆ ಎನ್ನುವುದೂ ಅವನಿಗೆ ಗೊತ್ತು!

"ಬಸ್ ಓಡಿಸೋಕೆ ಡಾಕ್ಟರ್ ಸರ್ಟಿಫಿಕೇಟ್ ಬೇಡ್ವಾ?" ಡೆಲ್ಫಾ ತಟ್ಟೆ ನೋಡುತ್ತಲೇ ಕೇಳಿದಳು.

"ಬೇಕು. ಪ್ರತಿ ಬೇಸಿಗೆ ನೋಡ್ತಾರೆ. ಅಂಗಿ ಮೇಲೇ ಸ್ಟೆತಸ್ಕೋಪ್ ಒತ್ತಿ ಸಹಿ ಹಾಕ್ತಾರೆ. ನಿಮ್ಮಷ್ಟು ಹಟ ಯಾರದ್ದೂ ಇಲ್ಲ ಬಿಡಿ."

ಅವಳು ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟಳು. ಸುಯ್ಲು ನಿಜವಾದರೆ ಅವನ ಬಸ್ ನಿಲ್ಲುತ್ತದೆ. ಅವನ ಬದುಕೇ ಆ ಬಸ್ಸು! ಅದೂ ಅಲ್ಲದೆ... ಅವಳು ಕೇಳಿದ್ದು ಏನನ್ನ? ಬರೀ ತನ್ನ ಭ್ರಮೆಯನ್ನಾ?

ಇನ್ನೊಮ್ಮೆ ಸ್ಟೆತಸ್ಕೋಪ್ ಇಟ್ಟರೆ ಗೊತ್ತಾಗಿಬಿಡುತ್ತಿತ್ತು. ಅದಕ್ಕೇ ಅವಳು ಇಡಲಿಲ್ಲ. ಮಂಡಿ ತಟ್ಟಿದಳು, ಕಣ್ಣಿಗೆ ದೀಪ ಬಿಟ್ಟಳು, ಪಾದ ಕೆರೆದಳು. ಎದೆ ಮಾತ್ರ ಮುಟ್ಟಲಿಲ್ಲ.

ಹೀಗೆ ಆರು ಭಾನುವಾರ ಕಳೆಯಿತು.

"ಒಂದು ಕೇಳ್ಲಾ ಡೆಲ್ಫಾ?" ಆರನೆಯ ಭಾನುವಾರ ಅವನು ಮೆಲ್ಲಗೆ ಅಂದ. "ನನ್ನ ಕಿವಿ ನಾಲ್ಕು ಸಲ ನೋಡಿದ್ರಿ. ಎದೆ ಹತ್ತಿರ ಬರೋದೇ ಇಲ್ಲ. ನಾನು... ಹತ್ತಿರ ಬಂದದ್ದು ಇಷ್ಟ ಇಲ್ವಾ?"

"ಹಾಗಲ್ಲ..."

"ಮತ್ತೆ ಹೇಗೆ?"

ಅವಳು ಸ್ಟೆತಸ್ಕೋಪನ್ನು ಎತ್ತಿ ಚೀಲಕ್ಕೆ ಹಾಕಿಬಿಟ್ಟಳು. ಏನು ಹೇಳುವುದು? ಎಲ್ಲಿಂದ ಶುರು ಮಾಡುವುದು?

ಅವನು ನಗಲು ನೋಡಿದ. "ಬಿಡಿ. ಇವತ್ತು ಚರ್ಚ್ ಮೆಟ್ಟಿಲು ಹತ್ತಿದಾಗ್ಲೂ ಹೀಗೇ ಉಸಿರು ಕಟ್ಟಿತ್ತು, ಈಗ್ಲೂ ಹಾಗೇ. ನಿಮ್ಮ ಚಿಕ್ಕಮ್ಮನ ಕರಿಗಡುಬು ಜಾಸ್ತಿ ಆಯ್ತು ಅನ್ಸುತ್ತೆ."

ಟೋಪಿ ಹಾಕಿಕೊಂಡು ಹೊರಟೇ ಹೋದ.

ಡೆಲ್ಫಾ ಕೂತಲ್ಲೇ ತಣ್ಣಗಾದಳು. ಮೆಟ್ಟಿಲು ಹತ್ತಿದರೆ ಉಸಿರು ಕಟ್ಟಿತ್ತು ಅಂದನಲ್ಲ!

ಮಾರನೆಯ ದಿನ ಮೂರೂವರೆಗೆ, ಕೊನೆಯ ಮಗು ಇಳಿದ ತಿರುವಿನಲ್ಲೇ ಅವಳು ಬಸ್ ಹತ್ತಿದಳು. ಕೊರಳಲ್ಲಿ ಸ್ಟೆತಸ್ಕೋಪ್ ಇತ್ತು.

ಹಾಲಿಸ್‌ನ ಮುಖ ಅರಳಿತು. "ಏನಮ್ಮಾ, ಯಾವ ಕ್ಲಾಸು? ಹೋಂವರ್ಕ್ ಮಾಡಿದೀಯಾ?"

"ಎಂಜಿನ್ ಆಫ್ ಮಾಡಿ ಹಾಲಿಸ್. ಇಲ್ಲಿ ಬಂದು ಕೂತ್ಕೊಳ್ಳಿ."

ಅವಳ ದನಿ ಕೇಳಿ ಅವನ ನಗು ನಿಂತಿತು. ಮಕ್ಕಳ ಸೀಟಿನಲ್ಲಿ ಮಂಡಿ ಮಡಚಿ ಕೂತ. ಅವಳು ಅಂಗಿಯ ಗುಂಡಿ ಬಿಚ್ಚಿ ಬಲಗಡೆ ಇಟ್ಟು, ಕಣ್ಣು ಮುಚ್ಚಿ ಕೇಳಿದಳು.

ಲಬ್... ಷ್‌ಶ್... ಡಬ್. ಕುತ್ತಿಗೆಯ ಮೇಲೆ ಇಟ್ಟಳು. ಅಲ್ಲೂ ಅದೇ ಸದ್ದು.

"ಹಾಲಿಸ್... ನಿಮ್ಮ ಹೃದಯದಲ್ಲಿ ಒಂದು ಸದ್ದು ಇದೆ. ಇರಬಾರದ ಸದ್ದು. ಅದು ಏನು ಅಂತ ಹೇಳೋ ಅಧಿಕಾರ ನನಗಿಲ್ಲ, ನಾನಿನ್ನೂ ವಿದ್ಯಾರ್ಥಿ. ನಾಳೆನೇ ಹೃದಯದ ಡಾಕ್ಟರನ್ನ ನೋಡಿ. ಅಲ್ಲಿವರೆಗೂ ಬಸ್ ಮುಟ್ಟಬೇಡಿ."

"ಈಗ ಗೊತ್ತಾಯ್ತಾ?"

ಸುಳ್ಳು ಹೇಳಬಹುದಿತ್ತು...

"ಇಲ್ಲ. ಮೊದಲನೇ ದಿನವೇ ಕೇಳಿಸ್ತು. ಕೇಳಿಸ್ತು ಅನ್ಸುತ್ತೆ... ಖಾತ್ರಿ ಇರ್ಲಿಲ್ಲ, ನನ್ನ ಎದೆ ಸದ್ದೇ ಇರಬಹುದು ಅಂದ್ಕೊಂಡೆ."

ಅವನು ಖಾಲಿ ಸೀಟುಗಳನ್ನು ಒಂದೊಂದಾಗಿ ನೋಡಿದ.

"ಆರು ವಾರ! ಇಪ್ಪತ್ತಮೂರು ಮಕ್ಕಳನ್ನ ಕೂರಿಸ್ಕೊಂಡು ಆ ಘಾಟಿ ಇಳೀತಾ ಇದ್ದೆ ಡೆಲ್ಫಾ! ಯಾಕೆ ಹೇಳ್ಲಿಲ್ಲ?"

"ಗೊತ್ತಿಲ್ಲ..."

"ನನಗೆ ಗೊತ್ತು. ತೊಂಬತ್ತಾರು ಬಂದಿತ್ತಲ್ಲ! ಅದು ಹೋಗ್ಬಾರ್ದು ಅಂತ."

ಅಲ್ಲ ಎಂದು ಕೂಗಬೇಕೆನಿಸಿತು. ಆದರೆ ಕಾರಣ ಯಾವುದು? ಅಂಕದ ಆಸೆಯೋ? ಅವನ ಬಸ್ಸಿನ ಚಿಂತೆಯೋ? ಅವನು ಭಾನುವಾರ ಬರುವುದು ನಿಂತುಹೋದರೆ ಎಂಬ ಭಯವೋ? ಎಲ್ಲವೂ ಗೋಜಲು ಗೋಜಲು. ತನ್ನ ಮನಸ್ಸೇ ತನಗೆ ಅರ್ಥವಾಗದಿದ್ದರೆ ಅವನಿಗೆ ಹೇಗೆ ಹೇಳುವುದು?

ಹಾಲಿಸ್ ಫೋನ್ ಮಾಡಿ ಬೇರೆ ಡ್ರೈವರನ್ನು ಕರೆಸಿಕೊಂಡ. ಬಸ್ಸಿನ ಕೀಲಿ ಅವನ ಕೈಗಿಟ್ಟ. ಡೆಲ್ಫಾಳ ಕಡೆ ತಿರುಗಿಯೂ ನೋಡಲಿಲ್ಲ.

ಮನೆಗೆ ಬಂದ ಡೆಲ್ಫಾ ಕೋಟನ್ನೂ ಬಿಚ್ಚದೆ ಪ್ರೊಫೆಸರಿಗೆ ಫೋನ್ ಹಚ್ಚಿದಳು.

"ಮೇಡಂ, ನನ್ನ ವಿಡಿಯೊ ವಾಪಸ್ ತಗೋತೀನಿ. ಕೇಳಿಸ್ಕೊಳ್ಳೋಕೆ ಮುಂಚೆನೇ 'ಬೇರೆ ಸದ್ದಿಲ್ಲ' ಅಂದುಬಿಟ್ಟೆ. ಸದ್ದು ಇತ್ತು."

"ಬಾಯಿಪಾಠ ಒಪ್ಪಿಸೋ ತಪ್ಪು ಎಲ್ಲರೂ ಮಾಡ್ತಾರೆ," ಎಂದರು ಪ್ರೂವಿಟ್. "ಬಂದು ಒಪ್ಪಿಕೊಳ್ಳೋರು ಕಡಿಮೆ. ಆದ್ರೂ ಈ ಕೋರ್ಸಲ್ಲಿ ನಿಮ್ಮನ್ನ ಫೇಲ್ ಮಾಡಲೇಬೇಕು. ಮತ್ತೆ ಇದು ಬರೋದು ಮುಂದಿನ ವಸಂತಕ್ಕೆ. ಒಂದು ವರ್ಷ ಹೋಗುತ್ತೆ, ಗೊತ್ತಲ್ವಾ?"

"ಗೊತ್ತು ಮೇಡಂ."

"ಒಂದು ವರ್ಷಾನೇ!" ಚಿಕ್ಕಮ್ಮ ಸೂಜಿ ಕೆಳಗಿಟ್ಟಳು. "ಆ ಹುಡುಗನಿಗಾದ್ರೂ ಇದನ್ನ ಹೇಳು ಮಾರಾಯ್ತಿ!"

"ಬೇಡ. ಹೇಳಿದ್ರೆ ಕ್ಷಮೆ ಕೊಂಡುಕೊಂಡ ಹಾಗಾಗುತ್ತೆ."

ಬೇಸಿಗೆ ಹೋಯಿತು. ಹಾಲಿಸ್ ಲೆಕ್ಸಿಂಗ್ಟನ್ ನಗರಕ್ಕೆ ಹೋಗಿ ಹೃದಯದ ಡಾಕ್ಟರಿಗೆ ತೋರಿಸಿಕೊಂಡು ಬಂದನೆಂದೂ, ಸೆಪ್ಟೆಂಬರಿನಲ್ಲಿ ಮತ್ತೆ ಬಸ್ ಓಡಿಸುತ್ತಿದ್ದಾನೆಂದೂ ಊರವರಿಂದ ತಿಳಿಯಿತು. ಡೆಲ್ಫಾ ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟುಕೊಂಡು ಮನಸಾರೆ ಅತ್ತಳು. ಸಮಾಧಾನಕ್ಕೆ ಅತ್ತಳೋ ಸಂಕಟಕ್ಕೆ ಅತ್ತಳೋ ಅವಳಿಗೇ ತಿಳಿಯಲಿಲ್ಲ.

ಹಳದಿ ಬಸ್ ಮನೆ ಮುಂದೆ ದಿನವೂ ಹೋಗುತ್ತಿತ್ತು, ನಿಲ್ಲುತ್ತಿರಲಿಲ್ಲ. ಚಿಕ್ಕಮ್ಮ ಭಾನುವಾರ ಮೂರನೆಯ ತಟ್ಟೆ ಇಟ್ಟು, ಮತ್ತೆ ಎತ್ತಿಡುತ್ತಿದ್ದಳು.

ಮಾರ್ಚ್ ಬಂತು. ಡೆಲ್ಫಾ ಲೈಬ್ರರಿಯಲ್ಲಿ ಮತ್ತೆ ಚೀಟಿ ಅಂಟಿಸಿದಳು.

ಶನಿವಾರ ಬೆಳಗ್ಗೆ ಬಾಗಿಲು ತಟ್ಟಿದ ಸದ್ದು. ತೆರೆದರೆ, ಹಾಲಿಸ್! ಒಂದು ಕೈಯಲ್ಲಿ ಟೋಪಿ, ಇನ್ನೊಂದರಲ್ಲಿ ಕಿತ್ತ ಚೀಟಿ.

"ಆರೋಗ್ಯವಂತರು ಬೇಕು ಅಂತ ಬರ್ದಿದೀರಿ," ಅಂದ. "ನಾನು ಅಲ್ಲವಲ್ಲ. ಬರಬಹುದಾ?"

ಅವಳು ಬಾಗಿಲನ್ನು ಪೂರ್ತಿ ತೆರೆದಳು.

"ನಿನ್ನೆ ಪೋಸ್ಟಾಫೀಸಲ್ಲಿ ನಿಮ್ಮ ಚಿಕ್ಕಮ್ಮ ಸಿಕ್ಕಿದ್ರು. ಕಾಲರ್ ಹಿಡ್ಕೊಂಡು ಬೈದ್ರು. ಅಂಕ ನೀವೇ ಬಿಟ್ಟುಕೊಟ್ರಂತೆ, ಅದೇ ದಿನ. ನಾನು ಬಸ್ಸಲ್ಲಿ ಅಂಥ ಮಾತಾಡಿದ ದಿನ."

"ಚಿಕ್ಕಮ್ಮಾ!"

"ಬೈದದ್ದು ನಿಜ, ಕಾಲರ್ ಹಿಡಿದದ್ದು ಸುಳ್ಳು," ಎಂದಳು ಕೌದಿಯ ಹಿಂದಿನಿಂದ ಓವಾ.

"ಆದ್ರೆ ನೀವು ಅಂದದ್ದು ಪೂರ್ತಿ ಸುಳ್ಳೇನಲ್ಲ ಹಾಲಿಸ್," ಡೆಲ್ಫಾ ಮೆಲ್ಲಗೆ ಅಂದಳು. "ಅಂಕದ ಆಸೆನೂ ಇತ್ತು. ಆದ್ರೆ ಅದಕ್ಕಿಂತ ಹೆಚ್ಚು... ಇನ್ನೊಂದ್ಸಲ ಕೇಳಿದ್ರೆ ನಿಮ್ಮನ್ನ ಕಳ್ಕೊಂಡುಬಿಡ್ತೀನಿ ಅಂತ ಹೆದರಿದ್ದೆ. ಮಕ್ಕಳ ನೆನಪು ಕೂಡ ಬರ್ಲಿಲ್ಲ ನೋಡಿ, ಅಷ್ಟು ಹೆದರಿದ್ದೆ. ತಪ್ಪು ಮಾಡಿದೆ."

ಅವನು ಅವಳನ್ನೇ ನೋಡುತ್ತಾ ನಿಂತ. ಆಮೇಲೆ ಯಾರೂ ಹೇಳದೆಯೇ ಅಂಗಿಯ ಗುಂಡಿಗೆ ಕೈ ಹಾಕಿದ.

"ಕ್ಯಾಮೆರಾ ಹಚ್ಚಿ. ತಡ ಆಗುತ್ತೆ."

ಕಣ್ಣು ಆಯಿತು, ಕಿವಿ ಆಯಿತು, ಗಂಟಲೂ ಆಯಿತು. ಡೆಲ್ಫಾ ಸ್ಟೆತಸ್ಕೋಪನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ ಅವನ ಎದೆಗೆ ಇಟ್ಟಳು. ಈ ಸಲ ನಾಲಿಗೆಯನ್ನು ಬಿಗಿಹಿಡಿದಳು. ಗಡಿಯಾರ ಓಡಲಿ! ಒಂದು ನಿಮಿಷ, ಎರಡು ನಿಮಿಷ ಕೇಳಿದಳು.

"ನಿಮ್ಮದು ಕೇಳಿಸ್ತಿದೆಯಾ, ನಂದಾ?" ಅವನು ಪಿಸುಗುಟ್ಟಿದ.

"ಎರಡೂ. ಈ ಸಲ ಬೇರೆಬೇರೆಯಾಗಿ."

ಆಮೇಲೆ ಕ್ಯಾಮೆರಾದ ಕಡೆ ತಿರುಗಿ ಸ್ಪಷ್ಟವಾಗಿ ಹೇಳಿದಳು. "ಬಲಗಡೆ, ಎರಡನೇ ಪಕ್ಕೆಲುಬಿನ ಕೆಳಗೆ ಒಂದು ಸುಯ್ಲು ಇದೆ. ಕುತ್ತಿಗೆವರೆಗೂ ಕೇಳಿಸುತ್ತೆ."

"ಮೂರು ಎಸಳು ಇರಬೇಕಾದ ಹೃದಯದ ಕವಾಟದಲ್ಲಿ ನನಗೆ ಎರಡೇ ಇದೆಯಂತೆ," ಹಾಲಿಸ್ ಕ್ಯಾಮೆರಾಗೆ ವರದಿ ಒಪ್ಪಿಸಿದ. "ಹುಟ್ಟಿನಿಂದಲೇ. ಸದ್ಯ ಬಸ್ ಓಡಿಸಬಹುದಂತೆ, ಆದ್ರೆ ಕಣ್ಣಿಟ್ಟಿರಬೇಕಂತೆ. ಕಂಡುಹಿಡಿದದ್ದು ಇವರೇ!"

"ರೋಗಿ ಮಾತಾಡಬಾರದು!"

ಮಂಡಿ, ಪಾದ, ನಡಿಗೆ ಎಲ್ಲ ಮುಗಿಯಿತು. ಇನ್ನು ಎರಡು ನಿಮಿಷವಿತ್ತು.

"ನಿಮ್ಮದೇನಾದ್ರೂ ಪ್ರಶ್ನೆ ಇದೆಯಾ?" ನಿಯಮದ ಪ್ರಕಾರ ಕೇಳಿದಳು.

"ಇದೆ. ಈ ಸದ್ದನ್ನ ಪ್ರತಿ ವರ್ಷ ಯಾರಾದ್ರೂ ಕೇಳ್ತಾ ಇರಬೇಕಂತೆ, ಜೀವ ಇರೋವರೆಗೂ. ನೀನು ಕೇಳ್ತೀಯಾ ಡೆಲ್ಫಾ? ನನ್ನ ಮನೇಲಿ ಇದ್ಕೊಂಡು?"

ಕೌದಿಯ ಹಿಂದೆ ಸೂಜಿ ನಿಂತಿತು. ಡೆಲ್ಫಾಳ ಕಣ್ಣು ತುಂಬಿ ಬಂತು. ಹೌದೆಂದು ತಲೆಯಾಡಿಸಿದಳು.

"ಉಹೂಂ, ತಲೆ ಆಡಿಸಿದ್ರೆ ಆಗಲ್ಲ," ಹಾಲಿಸ್ ಅವಳ ಕೈ ಹಿಡಿದುಕೊಂಡ. "ಗಟ್ಟಿಯಾಗಿ ಹೇಳಬೇಕು. ನಿಮ್ಮ ನಿಯಮವೇ ಅಲ್ವಾ ಅದು?"

ಡೆಲ್ಫಾ ಅಳುತ್ತಾ ನಕ್ಕಳು. ಆಮೇಲೆ ಪ್ರೊಫೆಸರಿಗೂ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದಳು.

"ಕೇಳ್ತೀನಿ ಹಾಲಿಸ್. ದಿನಾ ಕೇಳ್ತೀನಿ!"