ಗೆರೆಯಾಚೆ ಹತ್ತು ನಿಮಿಷ

"ಮೇಡಂ, ಒಂದ್ಸಲ ಕಣ್ಣು ಟೆಸ್ಟ್ ಮಾಡಿಸ್ಕೊಳ್ಳಿ!"

ಗೋಲಿನ ಕಂಬದ ಪಕ್ಕ ನಿಂತು ಅವನು ಕೂಗಿದ್ದು ಮೈದಾನದಾಚೆ ಬೈಕ್ ನಿಲ್ಲಿಸುತ್ತಿದ್ದವರಿಗೂ ಕೇಳಿಸಿತು. ಅವನ ತಂಡದವರು ತಲೆ ತಗ್ಗಿಸಿದರು. ಎದುರಾಳಿಗಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು.

ರೆಫರಿ ನಗಲಿಲ್ಲ. ಸಿಟ್ಟೂ ಮಾಡಿಕೊಳ್ಳಲಿಲ್ಲ. ಜೇಬಿನಿಂದ ಹಳದಿ ಕಾರ್ಡ್ ತೆಗೆದು ಎತ್ತಿ ಹಿಡಿದಳು. ಆಮೇಲೆ ಎರಡೂ ಕೈ ಚಾಚಿ ಗೆರೆಯಾಚೆಗಿನ ಬೆಂಚು ತೋರಿಸಿದಳು.

"ಹತ್ತು ನಿಮಿಷ. ಹೊರಗೆ."

"ನಾನು ಗೋಲ್‌ಕೀಪರ್ ಮೇಡಂ!"

"ಗೋಲ್‌ಕೀಪರ್‌ಗೂ ಬಾಯಿ ಇದೆಯಲ್ಲ."

ಭಾನುವಾರದ ಲೀಗಿಗೆ ಆ ಸೀಸನ್ನಿನಲ್ಲಿ ಬಂದ ಹೊಸ ನಿಯಮ ಅದು. ಬೈಗುಳ ತಿಂದು ತಿಂದು ಸಾಕಾಗಿ ರೆಫರಿಗಳು ಒಬ್ಬೊಬ್ಬರಾಗಿ ಮನೆ ಸೇರಿದ್ದರು. ಅದಕ್ಕೇ ಈ ಉಪಾಯ. ತೀರ್ಪಿಗೆ ಎದುರು ಮಾತಾಡಿದವನು ಹತ್ತು ನಿಮಿಷ ಹೊರಗೆ ಕೂರಬೇಕು. ಅಷ್ಟು ಹೊತ್ತು ಅವನ ತಂಡ ಒಬ್ಬ ಕಡಿಮೆಯಾಗಿಯೇ ಆಡಬೇಕು. ಹೊತ್ತು ಮುಗಿದ ಮೇಲೆ ರೆಫರಿಯೇ ಕೈಬೀಸಿ ಒಳಗೆ ಕರೆಯಬೇಕು.

ಎಲ್ಲರೂ ಗೊಣಗಿದರು. ಅವಳಿಗೆ ಮಾತ್ರ ನಿಯಮ ಹಿಡಿಸಿತು. ಕಾರ್ಡ್ ಎತ್ತಿದರೆ ಮೈದಾನ ತಣ್ಣಗಾಗುತ್ತಿತ್ತು. ಮೌನ ಅವಳಿಗೆ ಹೊಸದಲ್ಲ.

ಅವನು ಬೆಂಚಿನ ಮೇಲೆ ಕೂತು ಶೂಗಳ ಜೊತೆ ಜಗಳವಾಡುವವನಂತೆ ಏನೇನೋ ಗೊಣಗಿದ. ಅವನ ಗ್ಲೌಸ್ ಹಾಕಿಕೊಂಡ ಡಿಫೆಂಡರ್ ಚೆಂಡು ಕಂಡರೆ ಸಾಕು ಕಣ್ಣು ಮುಚ್ಚುತ್ತಿದ್ದ. ಗೋಲುಗಳು ಬಿದ್ದವು. ವಾಚು ನೋಡಿ ಅವಳು ಕೈಬೀಸಿದಳು. ಅವನು ಎದ್ದು ಓಡಿ ಬಂದ. ಪಕ್ಕದಲ್ಲಿ ಹಾದು ಹೋಗುವಾಗ ಅವಳಿಗಷ್ಟೇ ಕೇಳುವಂತೆ, "ಕರೆದಿದ್ದಕ್ಕೆ ಥ್ಯಾಂಕ್ಸ್," ಅಂದ.

ಅಣಕವೇನೋ ಎಂದು ತಿರುಗಿ ನೋಡಿದಳು. ಅಲ್ಲ, ನಿಜಕ್ಕೂ ಹಾಗೇ ಅಂದಿದ್ದ.

ಅದೇ ವಾರ ಅವನು ಅವಳ ಅಂಗಡಿಗೆ ಬಂದ. ಅವಳ ಅಂಗಡಿಯೆಂದರೆ ಕನ್ನಡಕದ ಅಂಗಡಿ. ವಾರವಿಡೀ ಅವಳ ಕೆಲಸವೇ ಊರವರ ಕಣ್ಣು ಟೆಸ್ಟ್ ಮಾಡುವುದು.

ಬಾಗಿಲು ತಳ್ಳಿದವನು ಅವಳನ್ನು ನೋಡಿ, ಗೋಡೆಯ ಮೇಲಿನ ಫ್ರೇಮುಗಳನ್ನು ನೋಡಿ, ಮತ್ತೆ ಅವಳನ್ನು ನೋಡಿದ. ಮುಖ ಕೆಂಪಾಯಿತು.

"ನಾನು ಬೇರೆ ಅಂಗಡಿಗೆ ಹೋಗ್ಲಾ ಮೇಡಂ?"

"ಯಾಕೆ? ಬನ್ನಿ, ಕೂತ್ಕೊಳ್ಳಿ."

ಅವನು ಲಿಫ್ಟ್ ರಿಪೇರಿ ಮಾಡುವವನು. ವೈರುಗಳ ಮೇಲಿನ ಸಣ್ಣ ಅಂಕಿಗಳು ಈಚೆಗೆ ಕಲೆಸಿಕೊಂಡು ಕಾಣುತ್ತಿದ್ದವು. ಲಿಫ್ಟಿನ ಬಾವಿಯಂಥ ಕತ್ತಲಲ್ಲಿ ಮೇಲಿನವನಿಗೆ ಕೇಳುವಂತೆ ಅರಚಿ ಅರಚಿ ಗಂಟಲು ಹಾಗಾಗಿದೆ, ತಂಡದವರು ಮೈಕಾಸುರ ಅಂತಾರೆ, ಎಂದು ಕೇಳದಿದ್ದರೂ ಹೇಳಿದ.

ಅವಳು ದೀಪ ತಗ್ಗಿಸಿ, ಟೆಸ್ಟಿನ ಭಾರದ ಫ್ರೇಮನ್ನು ಅವನ ಮೂಗಿನ ಮೇಲೆ ಕೂರಿಸಿ, ಒಂದೊಂದೇ ಗಾಜು ಬದಲಿಸುತ್ತ ಹೋದಳು. ಹತ್ತಿರ ಬಾಗಿದಾಗಲೆಲ್ಲ ಅವನು ಉಸಿರು ಹಿಡಿಯುತ್ತಿದ್ದ. ಗಾಜಿನ ಹಿಂದಿನ ಅವನ ಕಣ್ಣುಗಳು ಬೋರ್ಡು ಬಿಟ್ಟು ಅವಳ ಗಲ್ಲದ ಹತ್ತಿರ ಬಂದು, ಸಿಕ್ಕಿಬಿದ್ದಂತೆ ಮತ್ತೆ ಬೋರ್ಡಿಗೆ ಓಡುತ್ತಿದ್ದವು. ಅದು ಅವಳಿಗೆ ಗೊತ್ತಾಯಿತು. ಗೊತ್ತಾಯಿತು, ಅಷ್ಟೇ.

"ಕೊನೇ ಸಾಲು ಓದಿ."

"ಐದು, ಎಂಟು..."

"ಎಂಟಲ್ಲ, ಮೂರು."

"ಎಂಟೇ ಮೇಡಂ."

"ಮೂರು."

ಅವನು ಏನೋ ಹೇಳಹೊರಟು ಬಾಯಿ ಮುಚ್ಚಿದ.

"ಹೇಳಿ, ಪರವಾಗಿಲ್ಲ. ಅಂಗಡೀಲಿ ಕಾರ್ಡ್ ಇಲ್ಲ," ಎಂದಳು.

ಅವನು ಜೋರಾಗಿ ನಕ್ಕ. ತನ್ನ ಬಾಯಿಂದ ತಮಾಷೆ ಬಂದದ್ದು ಅವಳಿಗೇ ಆಶ್ಚರ್ಯವಾಯಿತು. ಆದರೆ ಒಳಗೆ ಏನೂ ಅಲುಗಾಡಲಿಲ್ಲ. ಬಿಲ್ ಮಾಡಿ ಕಳಿಸಿದಳು.

ಒಳಗೆ ಏನೂ ಅಲುಗಾಡದೆ ಬಹಳ ಕಾಲವಾಗಿತ್ತು.

ಅವಳ ಗಂಡನಾಗಿದ್ದವನು ಕೈ ಎತ್ತಿದವನಲ್ಲ, ಕೆಟ್ಟ ಮಾತು ಆಡಿದವನೂ ಅಲ್ಲ. ಯಾವುದಕ್ಕಾದರೂ ಅವಳು "ಹಾಗಲ್ಲ" ಎಂದರೆ ಸಾಕು, ಮಾತು ಬಿಡುತ್ತಿದ್ದ. ಊಟಕ್ಕೆ ಎದುರೇ ಕೂತು, "ಅಮ್ಮ, ನೀರು ಹಾಕೋಕೆ ಹೇಳು," ಎಂದು ತಾಯಿಯ ಕಡೆ ತಿರುಗುತ್ತಿದ್ದ. ನೀರಿನ ಜಗ್ಗು ಅವಳ ಕೈಯಲ್ಲೇ ಇರುತ್ತಿತ್ತು. ಅತ್ತೆ ಇಬ್ಬರ ಮುಖವನ್ನೂ ನೋಡಿ ನಿಟ್ಟುಸಿರು ಬಿಟ್ಟು, "ನೀರು ಬೇಕಂತೆ ಕಣಮ್ಮ," ಎನ್ನುತ್ತಿದ್ದರು. ಒಮ್ಮೆ ಕಿಟಕಿ ಪರದೆಯ ಬಣ್ಣದ ವಿಷಯಕ್ಕೆ ಶುರುವಾದ ಮೌನ, ಪರದೆ ಹೊಲಿಸಿ ತಂದು ಅದು ಒಗೆತಕ್ಕೆ ಬಿದ್ದರೂ ಮುಗಿದಿರಲಿಲ್ಲ. ಯಾವಾಗ ಮುಗಿಯುತ್ತದೆಂದು ಗೊತ್ತಿರುತ್ತಿರಲಿಲ್ಲ. ಯಾಕೆ ಮುಗಿಯಿತೆಂದೂ ತಿಳಿಯುತ್ತಿರಲಿಲ್ಲ. ಒಂದು ಬೆಳಿಗ್ಗೆ ಏನೂ ಆಗದವನಂತೆ, "ಟವೆಲ್ ಎಲ್ಲಿ?" ಎನ್ನುತ್ತಿದ್ದ. ಆ ಒಂದು ಮಾತಿಗೆ ಅವಳು ಅಡಿಗೆಮನೆಯಲ್ಲಿ ನಿಂತು ಅಳುತ್ತಿದ್ದಳು.

ಬರಬರುತ್ತ "ಹಾಗಲ್ಲ" ಅನ್ನುವುದನ್ನೇ ಬಿಟ್ಟಳು. ಆಮೇಲೆ ಅಳುವುದೂ ನಿಂತಿತು. ಬೇರೆಯಾಗೋಣ ಎಂದು ಅವನು ಹೇಳಿದಾಗಲೂ "ಸರಿ" ಎಂದು, ಬಟ್ಟೆ ಮಡಿಸಿಕೊಂಡು ಚಿಕ್ಕಮ್ಮನ ಮನೆಗೆ ಬಂದಳು. ಕಾಲೇಜಿನಲ್ಲಿ ಫುಟ್‌ಬಾಲ್ ಆಡಿದ್ದಳು. ಓಡುವಾಗ ತಲೆ ಖಾಲಿಯಾಗುತ್ತದೆ ಎಂದು ರೆಫರಿ ತರಬೇತಿಗೆ ಸೇರಿದಳು. ಯಾರು ಏನೇ ಬೈದರೂ ಮುಖ ಬದಲಾಗದ ಅವಳನ್ನು ಎಲ್ಲರೂ ಮೆಚ್ಚಿಕೊಂಡರು. ಅದರಲ್ಲಿ ಮೆಚ್ಚುವಂಥದ್ದೇನಿದೆಯೆಂದು ಅವಳಿಗೆ ಅರ್ಥವಾಗಲಿಲ್ಲ.

ಹೊಸ ಕನ್ನಡಕ ಬಂದ ಮೇಲೂ ಮೈಕಾಸುರನ ಬಾಯಿ ನಿಲ್ಲಲಿಲ್ಲ. ಆಫ್‌ಸೈಡಿಗೆ ಕೂಗಿದ, ಥ್ರೋಗೆ ಕೂಗಿದ. ಪ್ರತಿ ಸಲವೂ ಹಳದಿ ಕಾರ್ಡು, ಹತ್ತು ನಿಮಿಷ, ಬೆಂಚು. ಪ್ರತಿ ಸಲವೂ ಅವಳು ಕೈಬೀಸುತ್ತಲೇ ಹಬ್ಬಕ್ಕೆ ಕರೆದವರಂತೆ ಓಡಿ ಬರುತ್ತಿದ್ದ.

ಒಂದು ಸಂಜೆ ಪಂದ್ಯ ಮುಗಿದ ಮೇಲೆ ಇಬ್ಬರೂ ಅದೇ ಬೆಂಚಿನ ಮೇಲೆ ಟೀ ಕುಡಿಯುತ್ತಿದ್ದಾಗ ಅವಳು ಕೇಳಿದಳು.

"ಎಲ್ಲರ ಎದುರಿಗೆ ಹೊರಗೆ ಹಾಕ್ತೀನಿ. ನಿಮಗೆ ಬೇಜಾರಾಗಲ್ವಾ?"

"ಆಗುತ್ತೆ. ಕೂತ ಮೊದಲ ನಿಮಿಷ ಹೊಟ್ಟೆ ಉರಿಯುತ್ತೆ." ಅವನು ಟೀ ಲೋಟವನ್ನು ತಿರುಗಿಸಿದ. "ಆದ್ರೆ ಎಷ್ಟು ಹೊತ್ತು ಅಂತ ಗೊತ್ತಲ್ಲ ಮೇಡಂ. ಅಲ್ಲಿ ಆಟ ಎಷ್ಟೇ ಜೋರಾಗಿ ನಡೀತಿರ್ಲಿ, ನೀವು ಮರೆಯಲ್ಲ. ವಾಚ್ ನೋಡಿ ಕರೀತೀರಿ. ಕರೆದ ಮೇಲೆ ಹಳೇದು ಮನಸ್ಸಲ್ಲಿ ಇಟ್ಕೊಳ್ಳಲ್ಲ. ಮುಗೀತು."

ಅವಳ ಲೋಟದಲ್ಲೇ ಟೀ ಆರಿತು. ಆಮೇಲೆ, ಯಾರದೋ ಕಥೆ ಹೇಳುವ ದನಿಯಲ್ಲಿ, ನೀರಿನ ಜಗ್ಗಿನ ವಿಷಯ ಹೇಳಿದಳು. ಪರದೆಯದೂ, ಟವೆಲಿನದೂ.

ಮೈಕಾಸುರ ಮೊದಲ ಬಾರಿಗೆ ಸುಮ್ಮನೆ ಕೂತು ಕೇಳಿದ. ಕೊನೆಗೆ, "ಅದು ಶಿಕ್ಷೆ ಅಲ್ಲ ಮೇಡಂ. ಶಿಕ್ಷೆಗೊಂದು ಅಳತೆ ಇರುತ್ತೆ," ಎಂದ. ಆಮೇಲೆ ಅವನಿಗೆ ಸಾಧ್ಯವಾದಷ್ಟು ಮೆಲ್ಲಗೆ, "ನಂಗೆ ನೀವು ತುಂಬಾ ಇಷ್ಟ," ಎಂದ.

ಅವಳು ತನ್ನೊಳಗೆ ಹುಡುಕಿದಳು.

"ಹಲ್ಲು ಕೀಳೋಕೆ ಮೊದಲು ಇಂಜೆಕ್ಷನ್ ಕೊಡ್ತಾರಲ್ಲ, ಹಾಗಿದೀನಿ ನಾನು. ಮುಟ್ಟಿದ್ರೆ ಕೆನ್ನೆ ಇದೆ ಅಂತ ಗೊತ್ತಾಗುತ್ತೆ. ಆದ್ರೆ ಅದು ನನ್ನದು ಅನ್ಸಲ್ಲ."

"ಅದು ಇಳಿಯುತ್ತಲ್ಲ?"

"ಗೊತ್ತಿಲ್ಲ."

"ಸರಿ," ಎಂದ ಅವನು. "ನಾಳೆ ಫೋನ್ ಮಾಡ್ತೀನಿ."

ಮಾಡಿದ. ಅವಳು ಎತ್ತಲಿಲ್ಲ. ಬೇಡವೆಂದಲ್ಲ. ಏನು ಹೇಳಬೇಕೆಂದು ತಿಳಿಯದೆ, ಉರಿದು ಆರುವ ಸ್ಕ್ರೀನನ್ನು ನೋಡುತ್ತ ಕೂತಳು. ಮರುದಿನವೂ ಹಾಗೇ. ಅವನು ಅಂಗಡಿಯ ಮುಂದೆ ಒಮ್ಮೆ ನಿಂತು ಹೋದ. ಅವಳು ಒಳಗೆ ಗಾಜು ಒರೆಸುತ್ತಿದ್ದಳು. ಆಮೇಲೆ ಫೋನು ಬರುವುದು ನಿಂತಿತು. ಅದಕ್ಕೂ ಅವಳಿಗೆ ಏನೂ ಅನ್ನಿಸಲಿಲ್ಲ. ಅನ್ನಿಸಲಿಲ್ಲ ಎಂದೇ ಅಂದುಕೊಂಡಳು.

ಚಿಕ್ಕಮ್ಮ ಒಂದು ಸಂಜೆ ಬಟ್ಟೆ ಮಡಿಸುತ್ತ ಮಾತು ತೆಗೆದರು. ಅವರಿಗೆ ಮಾತಿಲ್ಲದೆ ಅನ್ನ ಜೀರ್ಣವಾಗುತ್ತಿರಲಿಲ್ಲ.

"ಪುಟ್ಟಿ, ಆ ಲಿಫ್ಟಿನ ಹುಡುಗನ ಫೋನ್ ಯಾಕೆ ಬರ್ತಿಲ್ಲ? ಜಗಳಾನಾ?"

"ಜಗಳ ಇಲ್ಲ ಚಿಕ್ಕಮ್ಮ. ನಾನೇ ಎತ್ತಲಿಲ್ಲ."

"ಏನು ತಪ್ಪು ಮಾಡ್ದ?"

"ಏನೂ ಇಲ್ಲ."

"ಯಾಕೆ ಅಂತ ಅವನಿಗೆ ಹೇಳಿದೀಯಾ?"

"ಇಲ್ಲ."

ಚಿಕ್ಕಮ್ಮ ಮಡಿಸುವುದನ್ನು ನಿಲ್ಲಿಸಿದರು. "ಹಾಗಾದ್ರೆ ಅವನು ಎಷ್ಟು ದಿನ ಅಂತ ಬಾಗಿಲಲ್ಲಿ ನಿಂತಿರ್ಬೇಕು? ಬೇಡ ಅಂದ್ರೆ ಬೇಡ ಅನ್ನು. ಬೇಕು ಅಂದ್ರೆ ಬೇಕು ಅನ್ನು. ಮಾತಾಡದೆ ಕೂರೋದನ್ನ ಆ ಮನೆಯಿಂದ ಕಲಿತು ಬಂದ್ಯಾ?"

ಅವಳ ಕೈಯಲ್ಲಿದ್ದ ದಿಂಬಿನ ಕವರು ಕೆಳಗೆ ಬಿತ್ತು. ಅವಳು ಅದನ್ನು ಎತ್ತಿಕೊಳ್ಳಲಿಲ್ಲ.

ಮರುದಿನ ಲೀಗಿನ ಹಿರಿಯ ರೆಫರಿಯನ್ನು ಕಂಡಳು. ಯಾವ ಪಂದ್ಯಕ್ಕೆ ಯಾರು ಎಂದು ಗೊತ್ತುಮಾಡುವವರು ಅವರೇ. ಅವಳಿಗೆ ಸೀಟಿ ಊದುವುದನ್ನು ಕಲಿಸಿದವರೂ ಅವರೇ.

"ಸರ್, ಆ ಗೋಲ್‌ಕೀಪರ್ ಇರೋ ತಂಡದ ಪಂದ್ಯಗಳಿಗೆ ನನ್ನ ಹಾಕ್ಬೇಡಿ."

"ಯಾಕಮ್ಮ, ಏನಾದ್ರೂ ಅಂದ್ನಾ?"

"ಇಷ್ಟ ಅಂದ."

ಅವರು ನಗು ತಡೆದುಕೊಂಡು, "ನೀನೇನಂದೆ?" ಎಂದರು.

"ಇನ್ನೂ ಏನೂ ಅಂದಿಲ್ಲ ಸರ್. ಆದ್ರೆ ಅವರ ವಿಷಯದಲ್ಲಿ ಇನ್ಮೇಲೆ ನಾನು ನ್ಯಾಯವಾಗಿರ್ತೀನಿ ಅಂತ ನಂಬಿಕೆ ಇಲ್ಲ."

ಆ ಭಾನುವಾರ ಅವಳು ಸೀಟಿಯಿಲ್ಲದೆ, ಸಾಧಾರಣ ಬಟ್ಟೆಯಲ್ಲಿ, ಗೆರೆಯ ಪಕ್ಕ ನೋಡುಗರ ಜೊತೆ ನಿಂತಳು. ಮೈದಾನದೊಳಗೆ ಹಿರಿಯ ರೆಫರಿಯೇ ಇದ್ದರು. ಗೋಲಿನಲ್ಲಿ ಅವನಿದ್ದ, ಆದರೆ ಬಾಯಿ ಇರಲಿಲ್ಲ. ಕಾರ್ನರ್ ತಪ್ಪಾಗಿ ಕೊಟ್ಟರೂ ಸುಮ್ಮನೆ ಚೆಂಡು ತರಲು ಹೋದ. "ಮೈಕಿನ ವೈರ್ ಕಿತ್ತೋಗಿದೆ," ಎಂದು ಪಕ್ಕದವರು ನಕ್ಕರು. ಅವನು ಅವಳ ಕಡೆ ನೋಡಲಿಲ್ಲ.

ಆಟ ಮುಗಿಯುವ ಹೊತ್ತಿಗೆ ಎದುರಾಳಿಯೊಬ್ಬ ಒಂಟಿಯಾಗಿ ನುಗ್ಗಿದ. ಮೈಕಾಸುರ ಹಾರಿ ಅಡ್ಡ ಬಿದ್ದ. ಇಬ್ಬರೂ ಧೂಳಿನಲ್ಲಿ ಉರುಳಿದರು. ಸೀಟಿ ಕೇಳಿಸಿತು. ಪೆನಾಲ್ಟಿ. ಅವನು ಎದ್ದು, ಮೊಣಕಾಲು ಕೊಡವಿ, ಒಂದೂ ಮಾತಾಡದೆ ಗೆರೆಯ ಮೇಲೆ ಹೋಗಿ ನಿಂತ.

"ಹಾಗಲ್ಲ!"

ಯಾರೋ ಕಿರುಚಿದರು. ಎಲ್ಲರೂ ತಿರುಗಿ ತನ್ನನ್ನೇ ನೋಡಿದಾಗಲೇ ಅದು ತನ್ನ ದನಿಯೆಂದು ಅವಳಿಗೆ ತಿಳಿದದ್ದು. ನಿಲ್ಲಿಸಲಾಗಲಿಲ್ಲ.

"ಹಾಗಲ್ಲ ಸರ್! ಅವರ ಕೈ ಮೊದಲು ತಾಗಿದ್ದು ಚೆಂಡಿಗೆ, ಕಾಲಿಗಲ್ಲ! ನೀವು ಆ ಕಡೆ ಇದ್ರಿ, ನಿಮಗೆ ಕಾಣಿಸ್ಲಿಲ್ಲ! ಅನ್ಯಾಯ ಇದು!"

ಹಿರಿಯ ರೆಫರಿ ಆಟ ನಿಲ್ಲಿಸಿ ಅವಳ ಹತ್ತಿರ ನಡೆದು ಬಂದರು. ಮುಖ ಗಂಭೀರವಾಗಿತ್ತು.

"ಏನಮ್ಮ, ನೀನೇನಾ?"

"ಹೌದು ಸರ್."

"ಬೇಲಿ ಆಚೆ ಹೋಗಿ ನಿಂತ್ಕೊ."

ಹೋದಳು. ಗಂಟಲು ಉರಿಯುತ್ತಿತ್ತು, ಕಿವಿಯವರೆಗೆ ಬಿಸಿಯೇರಿತ್ತು. ಬೇಲಿಯ ತಂತಿ ಹಿಡಿದುಕೊಂಡರೆ ಅದರ ತುಕ್ಕು ಅಂಗೈಗೆ ಒರಟಾಗಿ ತಾಗಿತು. ಪೆನಾಲ್ಟಿ ಗೋಲಾಯಿತು. ಅವನ ತಂಡ ಸೋತಿತು.

ಅವನು ಗ್ಲೌಸ್ ಬಿಚ್ಚುತ್ತ ನೇರ ಬೇಲಿಯ ಹತ್ತಿರ ಬಂದ.

"ಮೇಡಂ, ಅದು ಪೆನಾಲ್ಟಿನೇ."

"ಏನು?"

"ಚೆಂಡು ತಪ್ಪಿತು. ಅವನ ಕಾಲೇ ಸಿಕ್ಕಿದ್ದು. ಅದಕ್ಕೇ ಸುಮ್ನಿದ್ದೆ."

"ಇಲ್ಲ. ನಿಮ್ಮ ಬೆರಳು ಮೊದಲು ಚೆಂಡಿಗೆ ತಾಗ್ತು. ಚೆಂಡು ಪಕ್ಕಕ್ಕೆ ತಿರುಗ್ತು. ನಾನು ನೋಡಿದೀನಿ."

"ನನ್ನ ಬೆರಳು ಮೇಡಂ! ನಂಗೆ ಗೊತ್ತಾಗಲ್ವಾ?"

"ಗೊತ್ತಾಗಲ್ಲ. ಗ್ಲೌಸ್ ಹಾಕಿದ್ರಿ."

ಗೇಟು ದಾಟಿದರು, ರಸ್ತೆ ದಾಟಿದರು. ಅವನು ಕೈಯಾಡಿಸಿ ವಾದ ಮಾಡಿದ. ಅವಳು ಅವನಿಗಿಂತ ಜೋರಾಗಿ ವಾದ ಮಾಡಿದಳು. ಬಸ್‌ಸ್ಟಾಪಿನಲ್ಲಿದ್ದವರು ಗಂಡ ಹೆಂಡತಿ ಜಗಳವೆಂದು ಮುಖ ತಿರುಗಿಸಿಕೊಂಡರು. ತಿರುವಿನಲ್ಲಿ ಅವನು ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿದ.

ಅವಳ ಹೆಜ್ಜೆ ನಿಂತಿತು.

"ಯಾಕೆ ನಿಂತ್ರಿ?" ಎಂದ.

"ನೀವು ಮಾತು ಬಿಟ್ರಿ."

"ಉಸಿರು ತಗೊಳ್ತಿದ್ದೆ ಮೇಡಂ. ಇನ್ನೂ ಹೇಳೋದು ತುಂಬಾ ಇದೆ."

ಅವಳು ಅವನ ಮುಖ ನೋಡಿದಳು. ನಿಜಕ್ಕೂ ಅವನು ಏದುಸಿರು ಬಿಡುತ್ತಿದ್ದ. ಅವಳು ಅವನ ಬಲಗೈಯನ್ನು ಎಳೆದುಕೊಂಡು ಬೆರಳುಗಳನ್ನು ಬಿಡಿಸಿದಳು. ಕಿರುಬೆರಳು ಊದಿತ್ತು. ಮೆಲ್ಲಗೆ ಒತ್ತಿದಳು.

"ಅಯ್ಯೋ! ನೋವು!"

ಆ ಕೈ ಬೆಚ್ಚಗಿತ್ತು. ಬೆವರಿತ್ತು. ಅಂಗೈಯಲ್ಲಿ ಹಗ್ಗ ಎಳೆದೆಳೆದು ಎದ್ದ ಗಂಟುಗಳಿದ್ದವು. ಎಲ್ಲವೂ ಒಂದೊಂದಾಗಿ ಅವಳಿಗೆ ತಾಗುತ್ತಿದ್ದವು. ಕಣ್ಣು ತುಂಬಿ ಬಂದದ್ದನ್ನು ಅವಳು ಒರೆಸಿಕೊಳ್ಳಲಿಲ್ಲ.

"ನಾಳೆ ಫೋನ್ ಮಾಡಿದ್ರೆ ಎತ್ತುತೀರಾ?" ಅವನು ಕೇಳಿದ.

"ಎತ್ತುತೀನಿ. ಸಿಟ್ಟು ಬಂದಿದ್ರೂ ಎತ್ತುತೀನಿ."

"ಅಂದ್ರೆ..."

"ಇಷ್ಟ," ಎಂದಳು, ಕೈ ಬಿಡದೆ. "ಆದ್ರೆ ಚೆಂಡಿಗೆ ಬೆರಳು ತಾಗಿತ್ತು."