ಎರಡನೇ ಸಂಕೇತ

“ಈ ಕೋಶಗಳು ಸತ್ತಿಲ್ಲ ಕಣೋ, ಮಲಗವೆ. ಮಲಗ್ಸಿದೋನು ನೀನು,” ಎಂದು ಮಂಗಳಗೌರಿ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದಳು.

“ನಿಂಗೆ ಎಣಿಸೋಕೆ ಬರ್ದಿದ್ರೆ ನನ್ ಮೇಲ್ ಹಾಕ್ಬೇಡ,” ಎಂದ ರವೀಶ.

2003. ತುಮಕೂರಿನ ಆ ಪ್ರಯೋಗಾಲಯದಲ್ಲಿ ಮೂರು ವರ್ಷದಿಂದ ಇಬ್ಬರದೂ ಜೊತೆ ಕೆಲಸ. ಅವನು ಮೂರು ವರ್ಷವೂ ಅವಳನ್ನು ಬರೀ ನೋಡಿದ. ಬಾಯಿ ಮಾತ್ರ ಬಿಡಲಿಲ್ಲ.

ಭಾನುವಾರ ಅವಳನ್ನು ನೋಡಲು ಕುಣಿಗಲ್ಲಿನ ಗಂಡಿನವರು ಗುಬ್ಬಿಯ ಅವಳ ಮನೆಗೆ ಬರುವವರಿದ್ದರು. ಇವತ್ತು ಶುಕ್ರವಾರ. ಇವತ್ತಾದರೂ ಇವನು ಹೇಳಬಾರದೇ ಎಂದು ಅವಳಿಗೆ...

ರಕ್ತದಲ್ಲಿ ಲಿಂಫೋಸೈಟ್ ಎಂಬ ಕಾವಲು ಕೋಶಗಳಿವೆ. ಅವುಗಳ ಮೈಮೇಲಿನ ಸಿಡಿ-3 ಎಂಬ ಅಣುವನ್ನು ಮುಟ್ಟಿದರೆ ಶತ್ರು ಬಂದದ್ದು ತಿಳಿಯುತ್ತದೆ. ಸಿಡಿ-28 ಎಂಬ ಇನ್ನೊಂದು ಅಣುವನ್ನೂ ಮುಟ್ಟಿದರೇ ಕಾಳಗಕ್ಕೆ ಏಳುತ್ತವೆ. ಮೊದಲನೆಯ ಸಂಕೇತವೊಂದೇ ಆದರೆ ಮಲಗಿಬಿಡುತ್ತವೆ. ಆಮೇಲೆ ಎಬ್ಬಿಸುವುದು ಬಲು ಕಷ್ಟ!

ಆ ಎರಡನೆಯ ಅಣುವನ್ನು ಮುಟ್ಟುವ ಔಷಧವನ್ನು ಐಸ್ ಡಬ್ಬಿಯಲ್ಲಿಟ್ಟು ಬೆಂಗಳೂರಿನಿಂದ ಬಸ್ಸಿನಲ್ಲಿ ತಂದವನು ರವೀಶ.

ಡಬ್ಬಿ ಎಲ್ಲಿಟ್ಟಿದ್ದೆ ಎಂದು ಅವಳು ಬಿಡದೆ ಕೇಳಿದಳು. ಅವನು ತಲೆ ತಗ್ಗಿಸಿದ.

“ಇಂಜಿನ್ ಬಾನೆಟ್ ಮೇಲೆ.”

“ಬಾನೆಟ್ ಮೇಲಾ? ಆ ಕಾವಿಗೆ ಔಷಧ ಕೆಡಲ್ವಾ? ಬುದ್ಧಿ ಎಲ್ಲಿಟ್ಟಿದ್ದೆ?”

“ನೆಲಮಂಗಲದಲ್ಲಿ ನಿಮ್ಮಪ್ಪ ಹತ್ತಿದ್ರು. ಸೀಟ್ ಬಿಟ್ಕೊಟ್ಟೆ. ಕೂತ್ಕೊಂಡೋರು ಕುಣಿಗಲ್ ಗಂಡಿನ ವಿಷಯ ತೆಗೆದ್ರು. ಆಮೇಲೆ ಡಬ್ಬಿ ಎಲ್ಲಿಟ್ಟೆ ಅಂತ್ಲೇ ಗೊತ್ತಾಗ್ಲಿಲ್ಲ ಗೌರಿ.”

ಅವಳು ಅವನತ್ತ ತಿರುಗಿದಳು. ‘ಹಾಗಾದರೆ ಇವನಿಗೂ...’

“ಅಪ್ಪಂಗೆ ಏನಂದೆ?”

“ಒಳ್ಳೇದಾಗ್ಲಿ ಅಂದೆ.”

“ಥೂ ನಿನ್ನ! ಒಂದೇ ಸಂಕೇತಕ್ಕೆ ಕೋಶಾನೇ ಏಳಲ್ಲ, ನಾನು ಎದ್ದು ಬರ್ತೀನಾ? ನೋಡಿದ್ದು ಸಾಕು. ಬಾಯಲ್ಲಿ ಹೇಳು.”

“ನೀನಿಲ್ದೆ ನಂಗಾಗಲ್ಲ ಕಣೇ.”

“ನಂಗೂ ಆಗಲ್ಲ. ಹೋಗಿ ಅಪ್ಪನ್ ಹತ್ರ ಹೇಳು.”

ಅವನು ಬಿಳಿ ಕೋಟು ಬಿಚ್ಚಿದ. “ಅವ್ರು ಹೂಂ ಅನ್ನೋವರ್ಗೂ ಗುಬ್ಬಿ ಬಿಟ್ಟು ಬರಲ್ಲ,” ಎಂದು ಹೊರಟೇಹೋದ.

ಹನ್ನೊಂದಕ್ಕೆ ಹೋದವನು ಒಂದಾದರೂ ಇಲ್ಲ, ಎರಡಾದರೂ ಇಲ್ಲ. ಅವಳು ಕೂತಲ್ಲಿ ಕೂರಲಿಲ್ಲ.

ಮೂರಕ್ಕೆ ಫೋನ್ ಬಂತು. ಅವಳಪ್ಪ ಹನುಮಂತರಾಜು. ಎಷ್ಟು ಬೈದರೂ ಹುಡುಗ ಜಗಲಿಯಿಂದ ಏಳಲಿಲ್ಲವಂತೆ. ಬಸ್ಸಿನಲ್ಲಿ ಹೇಳಿದ್ದು ಸುಳ್ಳು, ತಪ್ಪಾಯಿತು ಎಂದನಂತೆ. ಕುಣಿಗಲ್ಲಿನವರಿಗೆ ಬರಬೇಡಿ ಎಂದು ಈಗಷ್ಟೇ ಹೇಳಿದರಂತೆ.

ಅವಳ ಕಣ್ಣು ತುಂಬಿತು. “ಈಗೇನ್ ಮಾಡ್ತಾವ್ನೆ ಅಪ್ಪ?”

“ಮುದ್ದೆ ಉಣ್ತಾವ್ನೆ. ಇವತ್ತು ಕಳ್ಸಲ್ಲ. ನೀನೇ ಬಂದ್ಬುಡವ್ವ.”